ಬದಲಿ ಆಳು

"ತಾ ಮಾಡಿದ್ದು ಉತ್ತಮ, ಮಗ ಮಾಡಿದ್ದು ಮಧ್ಯಮ, ಆಳು ಮಾಡಿದ್ದು ಹಾಳು" ಎಂದು ನಮ್ಮ ಅಜ್ಜಿ ದಿನಕ್ಕೊಮ್ಮೆಯಾದರೂ ಹೇಳುತ್ತಿದ್ದರು. ಈಗ ಆ ಗಾದೆ ಹಿಡಿದುಕೊಂಡು ಹೊರಟರೆ ಸಂಸಾರ ನಡೆಯುವುದಿಲ್ಲ. ಪಾತ್ರೆ ತೊಳೆಯುವುದಕ್ಕೆ ಒಬ್ಬಾಕೆ, ಹಬ್ಬದ ಹೋಳಿಗೆ ತಟ್ಟುವುದಕ್ಕೆ ಇನ್ನೊಬ್ಬಾಕೆ. ನಮ್ಮ ಪರವಾಗಿ ಪಾರಾಯಣ ಮಾಡಿ ಪ್ರಸಾದ ತಂದುಕೊಡುವುದಕ್ಕೆ ಪುರೋಹಿತರಿದ್ದಾರೆ. ಕೆಲಸದಾಕೆ ಜಾತ್ರೆಗೆ ಹೋಗುವಾಗ ತನ್ನ ಬದಲಿಗೆ ಮಗಳನ್ನು ಕಳಿಸುತ್ತಾಳೆ. ನಾನು ರಜ ಹಾಕಿದರೆ ನನ್ನ ಪೀರಿಯಡ್ಡಿಗೆ ಬದಲಿ ಟೀಚರ್ ಹೋಗುತ್ತಾರೆ. ಒಬ್ಬರ ಕೆಲಸವನ್ನು ಇನ್ನೊಬ್ಬರು ಮಾಡುವುದರಲ್ಲಿ ತಪ್ಪೇನೂ ಇಲ್ಲ. ಆದರೆ ಒಬ್ಬರ ಸಾವನ್ನು ಇನ್ನೊಬ್ಬರು ಸಾಯಬಹುದೇ? ಅದನ್ನು ದುಡ್ಡು ಕೊಟ್ಟು ಕೊಳ್ಳಬಹುದೇ?

ಈ ಪ್ರಶ್ನೆ ನನ್ನ ತಲೆಗೆ ತಾನಾಗಿ ಬಂದದ್ದಲ್ಲ, ಒಂದು ಹುಡುಗಿ ಹಾಕಿದ್ದು. ಒಂಬತ್ತನೇ ತರಗತಿಯಲ್ಲಿ ಅಬ್ರಹಾಂ ಲಿಂಕನ್ ಬಗ್ಗೆ ಹೇಳುತ್ತಿದ್ದೆ. ಪಾಠದಿಂದ ಆಚೀಚೆ ಹೋಗುವುದು ನನ್ನ ಹಳೆಯ ಅಭ್ಯಾಸ. ಆ ಯುದ್ಧದಲ್ಲಿ ಹಣವಿದ್ದವರು ತಮ್ಮ ಬದಲಿಗೆ ಬೇರೆಯವರನ್ನು ಕಳಿಸಬಹುದಿತ್ತು ಎಂದೆ. ಮಕ್ಕಳೆಲ್ಲ "ಅಯ್ಯೋ" ಎಂದರು. ಕಿಟಕಿ ಪಕ್ಕ ಕೂರುವ, ಸಾಮಾನ್ಯವಾಗಿ ಬಾಯಿಯೇ ಬಿಡದ ಹುಡುಗಿ ಎದ್ದು ನಿಂತಳು. "ಅದರಲ್ಲಿ ತಪ್ಪೇನು ಟೀಚರ್? ಅವನು ದುಡ್ಡು ಕೊಟ್ಟ, ಇವನು ಇಸ್ಕೊಂಡ. ಇಬ್ಬರೂ ಒಪ್ಪಿದ್ದರಲ್ಲ?" ಎಂದಳು. ಅಷ್ಟರಲ್ಲಿ ಗಂಟೆ ಹೊಡೆಯಿತು. "ನಾಳೆ ಹೇಳ್ತೀನಿ ಕೂತ್ಕೋ" ಎಂದು ಪುಸ್ತಕ ಮಡಚಿ ಹೊರಬಂದೆ. ಗಂಟೆ ಹೊಡೆದದ್ದು ಒಳ್ಳೆಯದೇ ಆಯಿತು. ಉತ್ತರ ನನಗೂ ಗೊತ್ತಿರಲಿಲ್ಲ.

ಮೊದಲು ಸಂಗತಿ ಏನೆಂದು ಹೇಳಿಬಿಡುತ್ತೇನೆ. ಅಮೆರಿಕದ ಅಂತರ್ಯುದ್ಧ ನಡೆದದ್ದು 1861ರಿಂದ 1865ರವರೆಗೆ. ಗುಲಾಮಗಿರಿಯನ್ನು ಬಿಡಲೊಲ್ಲದ ದಕ್ಷಿಣದ 11 ರಾಜ್ಯಗಳು ಬೇರೆಯಾಗಲು ಹೊರಟವು. ಉತ್ತರದವರು ಬಿಡೆವು ಎಂದರು. ಮೊದಮೊದಲು ಯುವಕರು ಉತ್ಸಾಹದಿಂದ ತಾವಾಗಿಯೇ ಸೇನೆ ಸೇರಿದರು. ಹೆಣಗಳ ಸುದ್ದಿ ಊರೂರಿಗೆ ಬರತೊಡಗಿದ ಮೇಲೆ ಉತ್ಸಾಹ ಇಳಿಯಿತು. ಆಗ 1863ರ ಮಾರ್ಚ್ 3ರಂದು ಉತ್ತರದ ಸರಕಾರ ಒಂದು ಕಾನೂನು ಮಾಡಿತು. 20ರಿಂದ 45 ವರ್ಷದ ಗಂಡಸರ ಹೆಸರುಗಳನ್ನೆಲ್ಲ ಪಟ್ಟಿ ಮಾಡಿ ಚೀಟಿ ಎತ್ತುವುದು, ಹೆಸರು ಬಂದವನು ಯುದ್ಧಕ್ಕೆ ಹೊರಡುವುದು. ಆದರೆ ಅದೇ ಕಾನೂನಿನಲ್ಲಿ ಎರಡು ಕಿಂಡಿಗಳಿದ್ದವು. ಒಂದು, 300 ಡಾಲರ್ ಕಟ್ಟಿ ಆ ಸಲ ಬಚಾವಾಗುವುದು. ಇನ್ನೊಂದು, ತನ್ನ ಬದಲಿಗೆ ಒಬ್ಬ ಆಳನ್ನು ಗೊತ್ತುಮಾಡಿ ಕಳಿಸುವುದು.

300 ಡಾಲರ್ ಎಂದರೆ ಎಷ್ಟೆಂದು ಬೋರ್ಡಿನ ಮೇಲೆ ಲೆಕ್ಕ ಹಾಕಿ ತೋರಿಸಿದ್ದೆ. ಸಿಪಾಯಿಯ ಸಂಬಳ ಆಗ ತಿಂಗಳಿಗೆ 13 ಡಾಲರ್. ಎಂದರೆ 23 ತಿಂಗಳ ಸಂಬಳ. ಕೂಲಿ ಮಾಡುವವನಿಗೆ ಹೆಚ್ಚುಕಡಿಮೆ ಒಂದು ವರ್ಷದ ದುಡಿಮೆ.

ನಾಲ್ಕು ಸಲ ಚೀಟಿ ಎತ್ತಿದರು. ಕಾಯಿಲೆಯವರು, ಮನೆಗೆ ಒಬ್ಬನೇ ಆಸರೆಯಾದವರು, ಹೇಳದೆ ಕೇಳದೆ ಓಡಿಹೋದವರು, ಎಲ್ಲರನ್ನೂ ಬಿಟ್ಟು ಸೇರಲೇಬೇಕೆಂದು ಉಳಿದವರು ಸುಮಾರು 2 ಲಕ್ಷದ 7 ಸಾವಿರ. ಅವರಲ್ಲಿ 87 ಸಾವಿರ ಜನ ಹಣ ಕಟ್ಟಿದರು. 74 ಸಾವಿರ ಜನ ಬದಲಿ ಆಳು ಕೊಟ್ಟರು. ತಾವೇ ಬಂದೂಕು ಹೊತ್ತು ಹೋದವರು 46 ಸಾವಿರ. ನಾಲ್ವರಲ್ಲಿ ಒಬ್ಬರೂ ಅಲ್ಲ.

ಬದಲಿಗೆ ಹೋದವರು ಯಾರು? ಚೀಟಿಗೆ ಒಳಪಡದವರು ಮಾತ್ರ ಬದಲಿಯಾಗಬಹುದಿತ್ತು. ಹಾಗಾಗಿ ಹೆಚ್ಚಿನವರು ಇನ್ನೂ 20 ತುಂಬದ 18, 19 ವರ್ಷದ ಹುಡುಗರು. ಇಲ್ಲವೇ ಐರ್ಲೆಂಡ್, ಜರ್ಮನಿ ಮುಂತಾದ ಕಡೆಗಳಿಂದ ಹಡಗಿಳಿದು ಬಂದು, ಇನ್ನೂ ಆ ದೇಶದ ಪ್ರಜೆಗಳಾಗದ ಬಡವರು. ಇವರನ್ನು ಹಿಡಿದುಕೊಡಲು ದಲ್ಲಾಳಿಗಳು ಹುಟ್ಟಿಕೊಂಡರು. ಮೋಸವೂ ಇತ್ತು. ಹಣ ಇಸಕೊಂಡು ರಾತ್ರೋರಾತ್ರಿ ಓಡಿಹೋಗಿ, ಇನ್ನೊಂದು ಊರಿನಲ್ಲಿ ಇನ್ನೊಂದು ಹೆಸರಿನಿಂದ ಮತ್ತೆ ಮಾರಿಕೊಂಡವರಿದ್ದರು. "ಕೊಟ್ಟವನು ಕೋಡಂಗಿ, ಇಸಕೊಂಡವನು ವೀರಭದ್ರ" ಎಂಬ ನಮ್ಮ ಗಾದೆ ಅಲ್ಲಿಯೂ ನಡೆಯಿತು.

ದಕ್ಷಿಣದವರೇನೂ ಇದಕ್ಕಿಂತ ಮೇಲಲ್ಲ. ಅವರು ಒಂದು ವರ್ಷ ಮೊದಲೇ, 1862ರ ಏಪ್ರಿಲ್‌ನಲ್ಲಿ, ಕಡ್ಡಾಯ ಸೇವೆಯ ಕಾನೂನು ತಂದು ಬದಲಿ ಆಳಿಗೆ ಅವಕಾಶ ಕೊಟ್ಟಿದ್ದರು. ಅದೇ ವರ್ಷದ ಅಕ್ಟೋಬರಿನಲ್ಲಿ, 20 ಅಥವಾ ಅದಕ್ಕಿಂತ ಹೆಚ್ಚು ಗುಲಾಮರಿರುವ ತೋಟದಲ್ಲಿ ಒಬ್ಬ ಬಿಳಿಯ ಗಂಡಸು ಮನೆಯಲ್ಲಿಯೇ ಇರಬಹುದು ಎಂದು ಇನ್ನೊಂದು ವಿನಾಯಿತಿ ಸೇರಿಸಿದರು. ಯುದ್ಧ ಯಾರಿಗಾಗಿ ನಡೆದಿತ್ತೋ ಅವರಿಗೇ ರಜೆ! ಬದಲಿಯ ಪದ್ಧತಿಯನ್ನು 1863ರ ಕೊನೆಗೆ ತೆಗೆದುಹಾಕಿದರು. ಬದಲಿಗೆ ಹಣ ತೆತ್ತವರೂ ಈಗ ತಾವೇ ಬರಬೇಕೆಂದಾಯಿತು. "ಇದು ಸಾಹುಕಾರನ ಯುದ್ಧ, ಬಡವನ ಕಾಳಗ" ಎಂಬ ಮಾತು ಎರಡೂ ಕಡೆ ಜನರ ಬಾಯಲ್ಲಿತ್ತು.

ನ್ಯೂಯಾರ್ಕಿನಲ್ಲಿ ಆ ಮಾತು ಬೆಂಕಿಯಾಯಿತು. 1863ರ ಜುಲೈ 13ರಂದು ದಂಗೆ ಎದ್ದ ಬಡ ಕೂಲಿಗಳು ಚೀಟಿ ಎತ್ತುವ ಕಚೇರಿ ಸುಟ್ಟರು. ನಾಲ್ಕು ದಿನ ಊರು ಹೊತ್ತಿ ಉರಿಯಿತು. ನೂರಕ್ಕೂ ಹೆಚ್ಚು ಜನ ಸತ್ತರು. ಆದರೆ ಆ ಸಿಟ್ಟು ಹೋಗಿ ತಗುಲಿದ್ದು ಯಾರಿಗೆ? 300 ಡಾಲರ್ ಕಟ್ಟಿದವರ ಬಾಗಿಲು ಬಡಿದದ್ದಕ್ಕಿಂತ ಹೆಚ್ಚಾಗಿ, ತಮಗಿಂತಲೂ ಬಡವರಾಗಿದ್ದ ಕರಿಯರ ಮೇಲೆ ಬಿದ್ದರು. ಕರಿಯರನ್ನು ದೀಪದ ಕಂಬಗಳಿಗೆ ನೇತುಹಾಕಿದರು. ಕರಿಯ ಮಕ್ಕಳ ಅನಾಥಾಲಯಕ್ಕೆ ಬೆಂಕಿ ಇಟ್ಟರು. 200ಕ್ಕೂ ಹೆಚ್ಚು ಮಕ್ಕಳು ಹೇಗೋ ಪಾರಾದರು. ಬಡವನ ಸಿಟ್ಟು ದವಡೆಗೆ ಮೂಲ ಎನ್ನುತ್ತೇವೆ. ಎಷ್ಟೋ ಸಲ ಅದು ಇನ್ನೂ ಬಡವನ ದವಡೆಗೆ ಮೂಲವಾಗುತ್ತದೆ.

ಇಷ್ಟು ಓದಿದ ಮೇಲೆ "ನೋಡಮ್ಮ, ಶ್ರೀಮಂತರು ಉಳಿದರು, ಬಡವರು ಸತ್ತರು, ಅದೇ ತಪ್ಪು" ಎಂದು ಆ ಹುಡುಗಿಗೆ ಹೇಳಿ ಕೈತೊಳೆದುಕೊಳ್ಳಬಹುದಿತ್ತು. ಆದರೆ ಇನ್ನೂ ಸ್ವಲ್ಪ ಓದಿದರೆ ಅಷ್ಟು ಸಲೀಸಲ್ಲ ಎಂದು ತಿಳಿಯುತ್ತದೆ.

300 ಡಾಲರಿನ ನಿಯಮದ ವಿಷಯವನ್ನೇ ನೋಡಿ. ಅದಿರುವ ತನಕ ಬದಲಿ ಆಳಿನ ಬೆಲೆ ಅದಕ್ಕಿಂತ ಬಹಳ ಮೇಲೇರುವಂತಿರಲಿಲ್ಲ. 300ಕ್ಕೆ ಬಿಡುಗಡೆ ಸಿಗುವಾಗ 500 ಯಾರು ಕೊಡುತ್ತಾರೆ? ಸಂಘ ಕಟ್ಟಿಕೊಂಡು, ಚಂದಾ ಎತ್ತಿ, ಸಾಧಾರಣ ಜನರೂ ಆ ಹಣ ಹೊಂದಿಸುತ್ತಿದ್ದರು. ಜನರ ಕೂಗಿಗೆ ಹೆದರಿ 1864ರ ಜುಲೈನಲ್ಲಿ ಸರಕಾರ ಈ ರಿಯಾಯಿತಿಯನ್ನು ತೆಗೆದುಹಾಕಿತು. ಬದಲಿ ಆಳು ಮಾತ್ರ ಉಳಿಯಿತು. ಅದರ ಬೆಲೆ ಗಗನಕ್ಕೇರಿತು. ಬಡವರಿಗೆ ನ್ಯಾಯ ಮಾಡಲು ಹೋಗಿ ಬಡವನ ಕೈಗೆ ಸಿಗುತ್ತಿದ್ದ ಕಿಂಡಿಯನ್ನೇ ಮುಚ್ಚಿದಂತಾಯಿತು.

ಇನ್ನು ಹಣ ಕೊಟ್ಟವರೆಲ್ಲ ದುಷ್ಟರೇ? ಗ್ರೋವರ್ ಕ್ಲೀವ್‌ಲ್ಯಾಂಡ್ ಎಂಬ ಯುವ ವಕೀಲನ ಹೆಸರು 1863ರಲ್ಲಿ ಬಂತು. ತಂದೆ ಸತ್ತು ಹತ್ತು ವರ್ಷವಾಗಿತ್ತು. ಇಬ್ಬರು ಸೋದರರು ಆಗಲೇ ಸೇನೆಯಲ್ಲಿದ್ದರು. ತಾಯಿ ಮತ್ತು ತಂಗಿಯರ ಊಟ ಇವನ ದುಡಿಮೆಯಿಂದ ನಡೆಯಬೇಕಿತ್ತು. ಪೋಲೆಂಡಿನಿಂದ ಬಂದಿದ್ದ 32 ವರ್ಷದ ಒಬ್ಬ ಕೆಲಸಗಾರನಿಗೆ 150 ಡಾಲರ್ ಕೊಟ್ಟು ಕಳಿಸಿದ. ಆತ ಪುಣ್ಯಕ್ಕೆ ಬದುಕಿ ಉಳಿದ. ಕ್ಲೀವ್‌ಲ್ಯಾಂಡ್ ಮುಂದೆ ಎರಡು ಸಲ ಅಮೆರಿಕದ ಅಧ್ಯಕ್ಷನಾದ. ಅವನ ತಾಯಿಯ ಜಾಗದಲ್ಲಿ ನಾನಿದ್ದಿದ್ದರೆ? "ಇಬ್ಬರು ಹೋಗಿದ್ದಾರೆ, ನೀನಾದರೂ ಇರು ಮಗನೇ" ಎಂದು ನಾನೇ ಕೈಬಳೆ ಬಿಚ್ಚಿಕೊಡುತ್ತಿದ್ದೆನೋ ಏನೋ. ನೀವೂ ಅಷ್ಟೆ.

ಆದರೆ ಇನ್ನೊಂದು ಸಂಗತಿ ನನ್ನನ್ನು ಚುಚ್ಚಿತು. ಆ ಪೋಲೆಂಡಿನವನ ಹೆಸರನ್ನು ಒಬ್ಬರು ಬೆನಿನ್‌ಸ್ಕಿ ಎಂದು ಬರೆಯುತ್ತಾರೆ, ಇನ್ನೊಬ್ಬರು ಬ್ರಿನ್‌ಸ್ಕಿ ಎನ್ನುತ್ತಾರೆ. ಕೊಂಡವನ ಹೆಸರು ಚರಿತ್ರೆಯಲ್ಲಿ ನಿಂತಿತು. ಮಾರಿಕೊಂಡವನ ಹೆಸರು ಸರಿಯಾಗಿ ಬರೆಯುವಷ್ಟು ವ್ಯವಧಾನವೂ ಇಲ್ಲ. ಮುಂದೆ ಊರೂರಿಗೆ ಲೈಬ್ರರಿ ಕಟ್ಟಿಸಿಕೊಟ್ಟ, ಹೇಗ್ ನಗರದಲ್ಲಿ ಶಾಂತಿಯ ಅರಮನೆಗೆ ಹಣ ಕೊಟ್ಟ ಆಂಡ್ರೂ ಕಾರ್ನೆಗಿ ಕೂಡ ಆಗ 850 ಡಾಲರ್ ತೆತ್ತು ಬದಲಿ ಆಳು ಕಳಿಸಿದವರೇ. ಆ ಆಳಿನ ಹೆಸರಿನಲ್ಲಿ ಲೈಬ್ರರಿ ಇಲ್ಲ.

ಇಂಥ ವ್ಯಾಪಾರ ನಮಗೆ ಹೊಸದಲ್ಲ. ಬಕಾಸುರನ ಕಥೆ ನಮ್ಮೆಲ್ಲರ ಮನೆಯದು. ಏಕಚಕ್ರ ನಗರದಲ್ಲಿ ದಿನಕ್ಕೊಂದು ಮನೆಯಿಂದ ಒಬ್ಬರು ಬಂಡಿ ಅನ್ನದೊಂದಿಗೆ ಹೋಗಬೇಕು. ಬ್ರಾಹ್ಮಣನ ಮನೆಯ ಸರದಿ ಬಂದಾಗ ನಾನು ಹೋಗುತ್ತೇನೆ, ನಾನು ಹೋಗುತ್ತೇನೆ ಎಂದು ಗಂಡ, ಹೆಂಡತಿ, ಮಗಳು ಅಳುತ್ತಾರೆ. ವ್ಯಾಸರ ಭಾರತದಲ್ಲಿ ಆ ಬ್ರಾಹ್ಮಣ ಇನ್ನೊಂದು ಮಾತು ಆಡುತ್ತಾನೆ. ಒಬ್ಬ ಮನುಷ್ಯನನ್ನು ಕೊಂಡು ಕಳಿಸೋಣವೆಂದರೆ ತನ್ನಲ್ಲಿ ಅಷ್ಟು ಹಣವಿಲ್ಲ ಎಂದು ಗೋಳಾಡುತ್ತಾನೆ. ಹಣವಿದ್ದಿದ್ದರೆ ಕೊಳ್ಳುತ್ತಿದ್ದ ಎಂದೇ ಅರ್ಥ ತಾನೆ? ಅಳುತ್ತಿದ್ದಾನೆಂದು ನಾವು ಮರುಗುತ್ತೇವೆ. ಅವನು ಕೊಳ್ಳಬಹುದಾಗಿದ್ದ ಆ ಇನ್ನೊಬ್ಬನ ಮನೆಯ ಅಳು ನಮಗೆ ಕೇಳಿಸುವುದೇ ಇಲ್ಲ. ಕುಂತಿ ಮಾತ್ರ ಹಣದ ಮಾತೆತ್ತದೆ ತನ್ನ ಹೊಟ್ಟೆಯಲ್ಲಿ ಹುಟ್ಟಿದವನನ್ನೇ ಕಳಿಸಿದಳು. ಧರ್ಮರಾಯ ಸಿಟ್ಟಾದರೂ ಬಿಡಲಿಲ್ಲ.

ಅದಕ್ಕಿಂತ ಹಳೆಯದು ಶುನಃಶೇಪನ ಕಥೆ. ಹರಿಶ್ಚಂದ್ರ ತನ್ನ ಮಗ ರೋಹಿತನನ್ನೇ ಬಲಿ ಕೊಡುತ್ತೇನೆಂದು ವರುಣನಿಗೆ ಮಾತು ಕೊಟ್ಟಿದ್ದ. ರೋಹಿತ ಕಾಡಿಗೆ ಓಡಿದ. ಅಲ್ಲಿ ಹಸಿವಿನಿಂದ ಕಂಗೆಟ್ಟ ಅಜೀಗರ್ತನೆಂಬ ಬ್ರಾಹ್ಮಣ ಸಿಕ್ಕ. ಅವನಿಗೆ ಮೂವರು ಗಂಡುಮಕ್ಕಳು. ನೂರು ಹಸು ಕೊಡುತ್ತೇನೆ, ನನ್ನ ಬದಲಿಗೆ ಒಬ್ಬನನ್ನು ಕೊಡು ಎಂದ ರೋಹಿತ. ಹಿರಿಯವನನ್ನು ತಂದೆ ಬಿಡಲಿಲ್ಲ, ಕಿರಿಯವನನ್ನು ತಾಯಿ ಬಿಡಲಿಲ್ಲ. ನಡುವಿನ ಶುನಃಶೇಪ ಮಾರಾಟವಾದ. ಯಜ್ಞದಲ್ಲಿ ಅವನನ್ನು ಕಂಬಕ್ಕೆ ಕಟ್ಟಲು ಯಾರೂ ಮುಂದೆ ಬರದಿದ್ದಾಗ ಇನ್ನೂ ನೂರು ಹಸುವಿಗೆ ತಂದೆಯೇ ಕಟ್ಟಿದ. ಮತ್ತೂ ನೂರು ಹಸುವಿಗೆ ಕತ್ತಿ ಮಸೆದು ಬಂದ. ಹುಡುಗ ದೇವತೆಗಳನ್ನು ಮೊರೆಯಿಟ್ಟು ಬಿಡುಗಡೆ ಪಡೆದ. ಆಮೇಲೆ "ಬಾ ಮಗನೇ" ಎಂದ ತಂದೆಯ ಜೊತೆ ಹೋಗಲೊಲ್ಲದೆ ವಿಶ್ವಾಮಿತ್ರನ ಮಗನಾದ.

"ಇಬ್ಬರೂ ಒಪ್ಪಿದ್ದರಲ್ಲ ಟೀಚರ್" ಎಂಬ ಮಾತಿಗೆ ಇಲ್ಲಿ ಅರ್ಧ ಉತ್ತರ ಸಿಕ್ಕಿತು. ಅಜೀಗರ್ತನೂ ಒಪ್ಪಿದ್ದ. ಅವನ ಒಪ್ಪಿಗೆ ಹಸಿವಿನ ಒಪ್ಪಿಗೆ. ಹೊಟ್ಟೆ ತುಂಬಿದವನ "ಹೂಂ" ಮತ್ತು ಹಸಿದವನ "ಹೂಂ" ಒಂದೇ ಎಂದು ನಾವು ಕಿವಿಯಿಂದ ಕೇಳಿ ಬರೆದುಕೊಳ್ಳುತ್ತೇವೆ, ಅಷ್ಟೆ.

ಇದು ಅರ್ಧ ಉತ್ತರ ಯಾಕೆಂದರೆ, ಹಸಿದವನು ಗಾರೆ ಕೆಲಸಕ್ಕೆ, ಗಣಿ ಕೆಲಸಕ್ಕೆ ಹೋಗುವುದೂ ಹಸಿವಿನಿಂದಲೇ. ಅದನ್ನು ನಾವು ತಪ್ಪೆನ್ನುವುದಿಲ್ಲ. ವ್ಯತ್ಯಾಸ ಎಲ್ಲಿದೆ? ನನಗೆ ತೋರುವುದು ಇಷ್ಟು. ಚೀಟಿ ಎತ್ತುವುದೇ ಏಕೆ? ಈ ಹೊರೆ ಎಲ್ಲರದು, ಯಾರ ಮೇಲೆ ಬೀಳಬೇಕೆಂದು ಮನುಷ್ಯರು ತೀರ್ಮಾನಿಸುವುದು ಬೇಡ ಎಂದು. ಚೀಟಿಯ ಮುಂದೆ ವಕೀಲನೂ ಕೂಲಿಯವನೂ ಒಂದೇ. ಆ ಮೇಲೆ ಹಣಕ್ಕೆ ಬಾಗಿಲು ತೆರೆದರೆ ಅದು ಚೀಟಿಯಲ್ಲ, ಹರಾಜು. ಎಲ್ಲರದೂ ಎಂದು ಹೇಳಿ ಕೆಲವರದು ಮಾಡಿದ ಹಾಗೆ. ಕೂಲಿಯವನಿಗೆ ಅನ್ನ ಸಿಕ್ಕಿರಬಹುದು, ಆದರೆ ಅವನ ಪ್ರಾಣಕ್ಕೆ ಇಂತಿಷ್ಟು ಎಂದೂ ನನ್ನ ಪ್ರಾಣಕ್ಕೆ ಬೆಲೆ ಕಟ್ಟಲಾಗದೆಂದೂ ನಾವು ಸದ್ದಿಲ್ಲದೆ ಒಪ್ಪಿಬಿಟ್ಟಿರುತ್ತೇವೆ.

ಇಷ್ಟೆಲ್ಲ ಬರೆಯುವ ನಾನು ಯಾರು? ಈಗ ಅದನ್ನೂ ಹೇಳಬೇಕು.

2004ರ ಚುನಾವಣೆಯಲ್ಲಿ ನನಗೆ ಮತಗಟ್ಟೆಯ ಕೆಲಸ ಬಿತ್ತು. ಊರಿನಿಂದ ಬಹಳ ದೂರದ ಹಳ್ಳಿ. ಮಗಳಿಗೆ ಆಗ ಮೂರು ವರ್ಷ, ನಾಲ್ಕು ದಿನದಿಂದ ಜ್ವರ. ಅದು ನಿಜ. ಆದರೆ ನೋಡಿಕೊಳ್ಳಲು ಅತ್ತೆ ಇದ್ದರು ಎಂಬುದೂ ನಿಜ. ಹಳ್ಳಿಯ ಶಾಲೆಯಲ್ಲಿ ರಾತ್ರಿ ಮಲಗಬೇಕು, ಬಚ್ಚಲು ಇರುತ್ತದೋ ಇಲ್ಲವೋ ಎಂಬ ಅಳುಕೇ ದೊಡ್ಡದಾಗಿತ್ತು. ನಮ್ಮ ಶಾಲೆಯಲ್ಲಿ ಪಟ್ಟಿಗೆ ಬರದ ಒಬ್ಬ ಕಿರಿಯ ಟೀಚರ್ ಇದ್ದಳು. ಗಂಡನಿಗೆ ಕೆಲಸವಿರಲಿಲ್ಲ, ಮನೆಯಲ್ಲಿ ಸಾಲ. ಡಾಕ್ಟರ ಚೀಟಿ ತಂದು, ಕೈಕಾಲು ಹಿಡಿದು, ನನ್ನ ಜಾಗಕ್ಕೆ ಅವಳ ಹೆಸರು ಹಾಕಿಸಿದೆ. ಅವಳ ಕೈಗೆ 1,500 ರೂಪಾಯಿ ಇಟ್ಟೆ. "ಯಾಕಕ್ಕಾ ಇಷ್ಟೊಂದು" ಎಂದಳು. ನಾನು ಬಹಳ ಉದಾರಿ ಎಂದುಕೊಂಡೆ.

ಮತದಾನ ಮುಗಿಸಿ ಪೆಟ್ಟಿಗೆ ಒಪ್ಪಿಸುವಾಗ ಮಧ್ಯರಾತ್ರಿ ಕಳೆದಿತ್ತಂತೆ. ಮನೆಗೆ ಬರುವ ದಾರಿಯಲ್ಲಿ ಆಟೋ ಮಗುಚಿತು. ಅವಳ ಬಲಗೈ ಮಣಿಕಟ್ಟು ಮುರಿಯಿತು. ಕೂಡಿಕೊಂಡಿತು, ಆದರೆ ನೆಟ್ಟಗೆ ಕೂಡಲಿಲ್ಲ. ಮುತ್ತು ಪೋಣಿಸಿದಂಥ ಅಕ್ಷರ ಅವಳದು. ಶಾಲೆಯ ಬಾಗಿಲ ಕರಿಹಲಗೆಯ ಮೇಲೆ ದಿನಾ ಬೆಳಿಗ್ಗೆ ಸುಭಾಷಿತ ಬರೆಯುವ ಕೆಲಸ ಅವಳಿಗೇ ಬಿಟ್ಟಿತ್ತು. ಆಮೇಲೆ ಅದು ನನ್ನ ಪಾಲಿಗೆ ಬಂತು. ಆಸ್ಪತ್ರೆಯ ಖರ್ಚಿಗೆಂದು ನಾನು ಹಣ ತೆಗೆದುಕೊಂಡು ಹೋದಾಗ ಅವಳು ಮುಟ್ಟಲಿಲ್ಲ. "ನೀವು ಆಗಲೇ ಕೊಟ್ಟಿದ್ದೀರಲ್ಲಕ್ಕಾ, ಆಯ್ತು" ಎಂದಳು. ಅವಳ ದನಿಯಲ್ಲಿ ಕೊಂಕಿರಲಿಲ್ಲ. ಕೊಂಕಿದ್ದಿದ್ದರೆ ನನಗೆ ಎಷ್ಟೋ ಹಗುರವಾಗುತ್ತಿತ್ತು.

ಸಾಯುವುದೆಲ್ಲಿ, ಮಣಿಕಟ್ಟು ಮುರಿಯುವುದೆಲ್ಲಿ ಎಂದು ನೀವು ಹೇಳಬಹುದು. ನಿಜ. ಆಟೋ ಮಗುಚುವುದು ನನಗೆ ಗೊತ್ತಿತ್ತೇ ಎಂದೂ ಕೇಳಬಹುದು. ಗೊತ್ತಿರಲಿಲ್ಲ. ಆದರೆ ಹೋಗುವುದು ಕಷ್ಟವೆಂದು ಗೊತ್ತಿದ್ದದ್ದರಿಂದಲೇ ತಾನೆ ನಾನು ಹೋಗದೆ ಉಳಿದದ್ದು? ವರ್ಷಗಟ್ಟಲೆ ನಾನು "ಹಣ ಕೊಟ್ಟಿದ್ದೇನೆ, ಲೆಕ್ಕ ಚುಕ್ತಾ" ಎಂದುಕೊಂಡೆ. ಅವಳ ಸೊಟ್ಟ ಅಕ್ಷರ ಕಂಡಾಗಲೆಲ್ಲ ಬೇರೆ ಕಡೆ ನೋಡಿದೆ. ಬದಲಿ ಕಳಿಸಿದ್ದಕ್ಕಿಂತ ಈ ಬೇರೆ ಕಡೆ ನೋಡಿದ್ದೇ ನನ್ನ ದೊಡ್ಡ ತಪ್ಪು ಎಂದು ಈಗ ಅನ್ನಿಸುತ್ತದೆ.

ಆ ಯುದ್ಧಕಾಲದ ಇಬ್ಬರು ಇದಕ್ಕಾಗಿಯೇ ನನಗೆ ಮತ್ತೆ ಮತ್ತೆ ನೆನಪಾಗುತ್ತಾರೆ. ಒಬ್ಬ, ವರ್ಮಾಂಟಿನ ಸೈರಸ್ ಪ್ರಿಂಗಲ್. ಯುದ್ಧವೇ ಪಾಪವೆಂದು ನಂಬುವ ಕ್ವೇಕರ್ ಪಂಥದವನು. 1863ರಲ್ಲಿ ಅವನ ಹೆಸರು ಬಂತು. ಚಿಕ್ಕಪ್ಪನೊಬ್ಬ 300 ಡಾಲರ್ ಕಟ್ಟಲು ಮುಂದೆ ಬಂದ. ಬೇಡವೆಂದ ಪ್ರಿಂಗಲ್. ನಾನು ಮಾಡಲಾರದ ಪಾಪವನ್ನು ಹಣ ಕೊಟ್ಟು ಇನ್ನೊಬ್ಬನಿಂದ ಮಾಡಿಸುವುದು ಹೇಗೆ ಎಂಬುದು ಅವನ ವಾದ. ಬಂದೂಕು ಮುಟ್ಟಲಿಲ್ಲವೆಂದು ಅವನನ್ನು ನೆಲದ ಮೇಲೆ ಕೈಕಾಲು ಚಾಚಿಸಿ ಗೂಟಕ್ಕೆ ಕಟ್ಟಿ ಬಿಸಿಲಿನಲ್ಲಿ ಕೆಡವಿದರು. ಕೊನೆಗೆ ಲಿಂಕನ್ನರ ಮಾತಿನಿಂದ ನವೆಂಬರಿನಲ್ಲಿ ಮನೆಗೆ ಬಂದ. ಆಮೇಲೆ ಅವನು ಗಿಡಮೂಲಿಕೆಗಳನ್ನು ಹುಡುಕಿ ಸಂಗ್ರಹಿಸುವ ದೊಡ್ಡ ಸಸ್ಯಶಾಸ್ತ್ರಜ್ಞನಾದ. ಅಷ್ಟು ಗಟ್ಟಿತನ ನನ್ನಂಥವಳಿಗೆ ಬಾರದು.

ಇನ್ನೊಬ್ಬರು ನ್ಯೂಯಾರ್ಕಿನ ಸಿರಿವಂತ ಥಿಯೋಡರ್ ರೂಸ್‌ವೆಲ್ಟ್, ಮುಂದೆ ಅಧ್ಯಕ್ಷನಾದ ರೂಸ್‌ವೆಲ್ಟನ ತಂದೆ. ಇವರು ಉತ್ತರದ ಪಕ್ಷ. ಹೆಂಡತಿ ಮಾರ್ಥಾ ದಕ್ಷಿಣದ ಜಾರ್ಜಿಯಾದವಳು. ಅವಳ ಸೋದರರು ದಕ್ಷಿಣದ ಪರವಾಗಿ ದುಡಿಯುತ್ತಿದ್ದರು. ಹೆಂಡತಿಯ ತಮ್ಮನ ಮೇಲೆ ಹೇಗೆ ಗುಂಡು ಹಾರಿಸುವುದು? ಅವರು ಬದಲಿ ಆಳು ಕೊಟ್ಟರು. ಕೊಟ್ಟು ಸುಮ್ಮನೆ ಕೂರಲಿಲ್ಲ. ಚಳಿಯಲ್ಲಿ ಶಿಬಿರದಿಂದ ಶಿಬಿರಕ್ಕೆ ತಿರುಗಿ, ಸಿಪಾಯಿಗಳು ಸಂಬಳವನ್ನು ಕುಡಿದು ಕಳೆಯದೆ ಒಂದು ಪಾಲನ್ನು ಹೆಂಡತಿ ಮಕ್ಕಳಿಗೆ ಕಳಿಸುವಂತೆ ಬರೆಸಿಕೊಂಡರು. ಹಾಗಿದ್ದೂ ತಾನು ಯುದ್ಧಕ್ಕೆ ಹೋಗದೆ ತಪ್ಪು ಮಾಡಿದೆನೆಂದು ಅವರು ಕೊನೆಯವರೆಗೆ ಕೊರಗಿದ್ದನ್ನು ಹಿರಿಯ ಮಗಳು ನೆನೆದಿದ್ದಾಳೆ. ಮಗ 1898ರಲ್ಲಿ ಒಳ್ಳೆಯ ಹುದ್ದೆ ಬಿಟ್ಟು ಕ್ಯೂಬಾದ ಯುದ್ಧಕ್ಕೆ ಹೋದದ್ದು ತಂದೆಯ ಆ ಬಾಕಿ ತೀರಿಸಲೆಂದೇ ಎನ್ನುವವರಿದ್ದಾರೆ. ಹಣ ಕೊಟ್ಟರೂ ಋಣ ತೀರಿಲ್ಲವೆಂದು ಆ ತಂದೆಗೆ ಗೊತ್ತಿತ್ತು. ಆ ಅರಿವಿನಿಂದ ಅವರು ಮಾಡಿದ ಕೆಲಸ ಎಷ್ಟೋ ಮನೆಗಳ ಒಲೆ ಉರಿಸಿತು.

ನಮ್ಮ ದೇಶದಲ್ಲಿ ಕಡ್ಡಾಯ ಸೇನೆ ಇಲ್ಲ. ಹೋಗುವವರು ತಾವಾಗಿಯೇ ಹೋಗುತ್ತಾರೆ. ಆದರೂ ಸೇನಾ ಭರ್ತಿಗೆ ಬೆಳಗಿನ ಜಾವ ಮೈದಾನದಲ್ಲಿ ಓಡುವ ಹುಡುಗರನ್ನು ನೋಡಿ. ನಮ್ಮ ಬಡಾವಣೆಯ ಇಂಜಿನಿಯರ ಮಕ್ಕಳು ಅಲ್ಲಿ ಎಷ್ಟು ಜನ? ದೇಶಪ್ರೇಮ ಆ ಹುಡುಗರಿಗಿಲ್ಲವೆಂದಲ್ಲ, ನಮಗಿಂತ ಹೆಚ್ಚೇ ಇದೆ. ಜೊತೆಗೆ ತಂಗಿಯ ಮದುವೆ, ಹೊಲದ ಸಾಲ ಕೂಡ ಇದೆ. 1999ರ ಕಾರ್ಗಿಲ್ ಕಾಲದಲ್ಲಿ ನಾವೆಲ್ಲ ನಿಧಿಗೆ ಹಣ ಕೊಟ್ಟು, ಟಿವಿ ಮುಂದೆ ಕಣ್ಣೊರೆಸಿಕೊಂಡು, ಊಟಕ್ಕೆ ಎದ್ದೆವು. ಚರಂಡಿಗೆ ಇಳಿಯುವವನ ವಿಷಯವೂ ಇದೇ. ತೆರಿಗೆ ಕಟ್ಟಿದ್ದೇವೆ, ಸಂಬಳ ಕೊಡುತ್ತೇವೆ ಎಂಬುದು ನಮ್ಮ 300 ಡಾಲರ್.

ಎಲ್ಲರೂ ಎಲ್ಲ ಕೆಲಸಕ್ಕೆ ಇಳಿಯಲಾಗುವುದಿಲ್ಲ, ನನಗೆ ಗೊತ್ತು. ಬದಲಿಯಿಲ್ಲದೆ ಬದುಕಿಲ್ಲ. ಆದರೆ ನಮ್ಮ ಬದಲಿಗೆ ಅಪಾಯಕ್ಕೆ ಹೋದವರ ಹೆಸರು ನೆಟ್ಟಗೆ ಗೊತ್ತಿರಬೇಕು. ಅವರಿಗೆ ಏಟು ಬಿದ್ದಾಗ ಅದು ನಮಗೆ ಬೀಳಬೇಕಾಗಿದ್ದ ಏಟು ಎಂದು ನೆನಪಿರಬೇಕು. ನೆನಪಿದ್ದರೆ ಅವರ ಪೆನ್ಷನ್ನು, ಅವರ ಮಕ್ಕಳ ಓದು, ಅವರ ಕೈಗವಸು, ಇವೆಲ್ಲ ನಾವು ಮಾಡುವ ಉಪಕಾರವೆಂದು ಅನ್ನಿಸುವುದಿಲ್ಲ.

ಮರುದಿನ ತರಗತಿಗೆ ಹೋದೆ. ಆ ಹುಡುಗಿ ಮರೆತಿರಬಹುದು ಎಂದುಕೊಂಡಿದ್ದೆ. ಮರೆತಿರಲಿಲ್ಲ, ನನ್ನನ್ನೇ ನೋಡುತ್ತಿದ್ದಳು. ಶುನಃಶೇಪನ ಕಥೆ ಹೇಳಿದೆ, ಪೋಲೆಂಡಿನವನ ಹೆಸರಿನ ವಿಷಯ ಹೇಳಿದೆ. "ಇಬ್ಬರೂ ಒಪ್ಪಿದ್ದು ನಿಜ. ಆದರೆ ಕೊಟ್ಟವನು ಅಲ್ಲಿಗೆ ಮುಗಿಯಿತು ಅಂದುಕೊಂಡನಲ್ಲ, ಅಲ್ಲಿ ತಪ್ಪಿತು" ಎಂದೆ. ಅವಳು ಸ್ವಲ್ಪ ಹೊತ್ತು ಯೋಚಿಸಿ, "ನಮ್ಮಣ್ಣ ಮಿಲಿಟರಿಗೆ ಸೇರಿದಾನೆ ಟೀಚರ್. ಅಪ್ಪನ ಸಾಲ ತೀರಿಸೋಕೆ ಅಂತ" ಎಂದಳು. ಅವಳು ಯಾಕೆ ಆ ಪ್ರಶ್ನೆ ಕೇಳಿದಳೆಂದು ಆಗ ತಿಳಿಯಿತು. ತಪ್ಪಿಲ್ಲ ಎಂದು ನಾನು ಹೇಳಲಿ ಎಂದು ಕಾದಿದ್ದಳು. "ನಿಮ್ಮಣ್ಣನದು ತಪ್ಪಿಲ್ಲಮ್ಮ" ಎಂದೆ. ಅವನ ಹೆಸರು ಕೇಳಿದೆ, ಊರು ಕೇಳಿದೆ, ಯಾವಾಗ ರಜೆಗೆ ಬರುತ್ತಾನೆಂದು ಕೇಳಿದೆ. ಇಡೀ ತರಗತಿ ಕೇಳಿಸಿಕೊಂಡಿತು.

ಆ ಸಂಜೆ ನನ್ನ ಕಿರಿಯ ಗೆಳತಿಯ ಮನೆಗೆ ಹೋದೆ. ಅವಳೀಗ ಬೇರೆ ಶಾಲೆಯಲ್ಲಿದ್ದಾಳೆ. ಕಾಫಿ ಕೊಟ್ಟಳು. "ಕೈ ಹೇಗಿದೆ?" ಎಂದು ಇಷ್ಟು ವರ್ಷಗಳಲ್ಲಿ ಮೊದಲ ಸಲ ಕೇಳಿದೆ. "ಮಳೆಗಾಲದಲ್ಲಿ ನೋಯುತ್ತಕ್ಕಾ" ಎಂದಳು.